ಮೇಷ್ಟ್ರು ಶಾಲೆ ತೆರೆದರೆ ಸರ್ಕಾರ ಮೊದಲ ದಿನದಿಂದಲೇ ಜೊತೆಗಿರಲಿ

ಪಾಠ ಹೇಳಿ ಪಳಗಿದ ಶಿಕ್ಷಕರು ಹೊಸ ಶಾಲೆ ಕಟ್ಟಲು ಹೊರಟಾಗ ನಮ್ಮ ಅನುದಾನ ಪದ್ಧತಿ ಅವರನ್ನು ವರ್ಷಗಟ್ಟಲೆ ಕಾಯಿಸುತ್ತದೆ. ಹೂವಿನಹಡಗಲಿಯಂಥ ತಾಲ್ಲೂಕಿಗೆ ಬೇಕಿರುವುದು ಆರಂಭದಲ್ಲೇ ಕೈಗೆ ಸಿಗುವ ನೆರವು.

ಬೆಳಗಿನ ಆರು ಗಂಟೆಗೆ ಶಾಲೆ ಶುರು. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಾರೆ. ಅದು ಅವನಿಗೆ ಸಲ್ಲುವ ಗೌರವ. ಎರಡನೆಯವನ ಅಂಗೈಗೆ ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆತ್ತಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದವರಿಗೆ ಒಂದೊಂದು ಹೆಚ್ಚು. ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಮದ್ರಾಸಿಗೆ ಬರೆದು ಕಳಿಸಿದ ವರದಿಯಲ್ಲಿ ಈ ವಿವರವಿದೆ. ಹಡಗಲಿ ಸೀಮೆ ಆಗ ಅವರ ಜಿಲ್ಲೆಗೇ ಸೇರಿತ್ತು.

ಅದೇ ವರದಿ ಮಕ್ಕಳ ಕೈಯಲ್ಲಿ ಏನಿತ್ತು ಎಂಬುದನ್ನೂ ಹೇಳುತ್ತದೆ. ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು. ಆಮೇಲೆ ಇದ್ದಿಲ ಪುಡಿ ಬಳಿದ ಹಲಗೆ, ಗಂಜಿ ಹಾಕಿ ಗಟ್ಟಿ ಮಾಡಿದ ಬಟ್ಟೆಯನ್ನು ಪುಸ್ತಕದಂತೆ ಮಡಿಸಿದ ಕಡತ, ಬರೆಯಲು ಬಳಪ. ಒದ್ದೆ ಬಟ್ಟೆಯಿಂದ ಒರೆಸಿದರೆ ಹಲಗೆಯೂ ಕಡತವೂ ಮತ್ತೆ ಹೊಸದು. ಓದಲು ರಾಮಾಯಣ, ಮಹಾಭಾರತ. ಲಿಂಗಾಯತ ಮಕ್ಕಳಿಗೆ ಗಿರಿಜಾ ಕಲ್ಯಾಣ, ಚೆನ್ನಬಸವೇಶ್ವರ ಪುರಾಣ. ಮುಂದೆ ಹೋದ ಹುಡುಗರು ಹಿಂದಿನವರಿಗೆ ಹೇಳಿಕೊಡುವ ರೂಢಿಯನ್ನು ಕ್ಯಾಂಪ್‌ಬೆಲ್ ಬಹಳ ಮೆಚ್ಚಿದ್ದರು. ಇಂಗ್ಲೆಂಡ್ ಅದನ್ನು ಅನುಕರಿಸಿದ್ದು ತಕ್ಕದ್ದೇ ಆಯಿತು ಎಂಬುದು ಅವರ ಮಾತು.

ಲೆಕ್ಕವನ್ನೂ ಅವರು ಕೊಟ್ಟಿದ್ದಾರೆ. ಇಂದಿನ ಅನಂತಪುರವನ್ನೂ ಒಳಗೊಂಡಿದ್ದ ಆ ದೊಡ್ಡ ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533, ಮಕ್ಕಳು 6,641. ಕನ್ನಡ ಕಲಿಸುವ ಶಾಲೆಗಳು 235, ತೆಲುಗಿನವು 226. ಇಡೀ ಜಿಲ್ಲೆಯಲ್ಲಿ ಓದುತ್ತಿದ್ದ ಹೆಣ್ಣುಮಕ್ಕಳು 60 ಮಾತ್ರ. ಮೊದಲು ಶಾಲೆಯಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಶಾಲೆಯಿಲ್ಲ, ಜನ ಬಡವರಾಗಿದ್ದಾರೆ, ಮೇಷ್ಟ್ರಿಗೆ ಕೊಡಲು ಅವರ ಕೈಯಲ್ಲಿ ಕಾಸಿಲ್ಲ ಎಂದು ಕಲೆಕ್ಟರ್ ವ್ಯಥೆಪಟ್ಟರು. 533 ಶಾಲೆಗಳಲ್ಲಿ ಒಂದಕ್ಕೂ ಸರ್ಕಾರದಿಂದ ಬಿಡಿಗಾಸಿನ ನೆರವಿಲ್ಲ, ಇದನ್ನು ಹೇಳಲು ತನಗೆ ನಾಚಿಕೆಯಾಗುತ್ತದೆ ಎಂದೂ ಬರೆದರು.

ಅಂದಿನ ಶಾಲೆ ನಡೆದದ್ದು ಮೇಷ್ಟ್ರ ಬದುಕಿನ ಮೇಲೆ. ಊರಿನವರು ಕೊಟ್ಟರೆ ಊಟ, ಕೊಡದಿದ್ದರೆ ಉಪವಾಸ. ಶಾಲೆ ತೆರೆಯುವ ಧೈರ್ಯದ ಬೆಲೆಯನ್ನೆಲ್ಲ ಅವರೊಬ್ಬರೇ ತೆರುತ್ತಿದ್ದರು. ಇನ್ನೂರು ವರ್ಷ ಕಳೆದಿದೆ. ಊರೂರಿಗೆ ಸರ್ಕಾರಿ ಶಾಲೆ ಬಂದಿದೆ, ಶಿಕ್ಷಣ ಮಕ್ಕಳ ಹಕ್ಕಾಗಿದೆ. ಆದರೆ ಅನುಭವಿ ಶಿಕ್ಷಕರೊಬ್ಬರು ತಾವೇ ಒಂದು ಶಾಲೆ ಕಟ್ಟಬೇಕೆಂದರೆ ಮೊದಲ ವರ್ಷಗಳ ಭಾರ ಇಂದಿಗೂ ಅವರ ಹೆಗಲ ಮೇಲೇ ಇದೆ. ಸರ್ಕಾರ ಆ ಭಾರವನ್ನು ಆರಂಭದಲ್ಲೇ ಹಂಚಿಕೊಳ್ಳಬೇಕು ಎಂಬುದು ಈ ಲೇಖನದ ವಾದ.

ಒಂಬತ್ತು ರೂಪಾಯಿಯ ಸಂಬಳ

ಕ್ಯಾಂಪ್‌ಬೆಲ್ ವರದಿ ತಾನಾಗಿ ಹುಟ್ಟಿದ್ದಲ್ಲ. ಮದ್ರಾಸ್ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಕಲೆಕ್ಟರ್‌ಗಳಿಂದ ಶಾಲೆಗಳ ಲೆಕ್ಕ ಕೇಳಿದ್ದರು. ಮನ್ರೋಗೆ ನಮ್ಮ ಸೀಮೆ ಹೊಸದಲ್ಲ. 1800ರಿಂದ 1807ರವರೆಗೆ ದತ್ತಮಂಡಲದ ಪ್ರಧಾನ ಕಲೆಕ್ಟರ್ ಆಗಿ ಇಲ್ಲಿನ ಹೊಲಗಳನ್ನು ಅಳೆಸಿ ಕಂದಾಯ ಕಟ್ಟಿದವರು ಅವರೇ.

ವರದಿಗಳೆಲ್ಲ ಕೈಸೇರಿದ ಮೇಲೆ 1826ರ ಮಾರ್ಚ್ 10ರಂದು ಮನ್ರೋ ಒಂದು ಯೋಜನೆ ಬರೆದರು. ಪ್ರತಿ ತಹಸೀಲ್ದಾರಿ ಪ್ರದೇಶಕ್ಕೆ ಒಂದು ಶಾಲೆ, ಅದರ ಮೇಷ್ಟ್ರಿಗೆ ಸರ್ಕಾರದಿಂದ ತಿಂಗಳಿಗೆ 9 ರೂಪಾಯಿ. ಕಲೆಕ್ಟರೇಟಿನ ಶಾಲೆಯ ಮೇಷ್ಟ್ರಿಗೆ 15 ರೂಪಾಯಿ. ಮೊತ್ತ ಸಣ್ಣದೆನಿಸಿದರೂ ಮಕ್ಕಳ ಕಡೆಯಿಂದ ಅಷ್ಟೇ ಹಣ ಬರುತ್ತದೆ, ಎರಡೂ ಸೇರಿದರೆ ಗೌರವದಿಂದ ಬದುಕಬಹುದು ಎಂದು ಅವರು ಲೆಕ್ಕ ಹಾಕಿದ್ದರು. ಊರಿನ ಪಾಲು ಅರ್ಧ, ಸರ್ಕಾರದ ಪಾಲು ಅರ್ಧ. ಸರ್ಕಾರದ ಪಾಲು ಮೊದಲ ತಿಂಗಳಿನಿಂದಲೇ ಸಿಗುತ್ತದೆ ಎಂಬುದೇ ಇದರ ವಿಶೇಷ.

ಮನ್ರೋ ಮರುವರ್ಷವೇ ಕಾಲರಾ ತಗುಲಿ ಪತ್ತಿಕೊಂಡದಲ್ಲಿ ತೀರಿಕೊಂಡರು. ತಹಸೀಲ್ದಾರಿ ಶಾಲೆಗಳು ಸರಿಯಾದ ಮೇಲ್ವಿಚಾರಣೆಯಿಲ್ಲದೆ ಸೊರಗಿದವು. 1835ರ ಹೊತ್ತಿಗೆ ಕಂಪನಿ ಸರ್ಕಾರದ ಒಲವು ಇಂಗ್ಲಿಷ್ ಶಿಕ್ಷಣದ ಕಡೆ ತಿರುಗಿತು, ಆ ಶಾಲೆಗಳು ಮುಚ್ಚಿದವು. ಹಳ್ಳಿಯ ಮೇಷ್ಟ್ರು ಮತ್ತೆ ಒಬ್ಬಂಟಿಯಾದರು.

ಅನುದಾನ ಬಂದ ಬಗೆ

‘ಅನುದಾನಿತ ಶಾಲೆ’ ಎಂದು ಇಂದು ನಾವು ಕರೆಯುವ ವ್ಯವಸ್ಥೆಯ ಬೇರು 1854ರ ವುಡ್ ನಿರೂಪದಲ್ಲಿದೆ. ಖಾಸಗಿಯವರು ನಡೆಸುವ ಶಾಲೆಗೆ ಸರ್ಕಾರ ಹಣ ಕೊಡಬಹುದು, ಪ್ರತಿಯಾಗಿ ಶಾಲೆ ತಪಾಸಣೆಗೆ ಒಪ್ಪಬೇಕು ಎಂಬ ತತ್ವ ಅದರಿಂದ ಜಾರಿಗೆ ಬಂತು. ಹಡಗಲಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ಆಡಳಿತದಲ್ಲೇ ಇದ್ದುದರಿಂದ ಅಲ್ಲಿನ ನಿಯಮಗಳೇ ಇಲ್ಲೂ ನಡೆದವು.

ಮದ್ರಾಸಿನವರು 1860ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಿಂದ ಇನ್ನೊಂದು ಪದ್ಧತಿ ತಂದರು. ವರ್ಷಕ್ಕೊಮ್ಮೆ ಇನ್ಸ್‌ಪೆಕ್ಟರ್ ಬರುತ್ತಾರೆ, ಪ್ರತಿ ಮಗುವಿನ ಓದು, ಬರಹ, ಲೆಕ್ಕ ಪರೀಕ್ಷಿಸುತ್ತಾರೆ, ಪಾಸಾದ ತಲೆಗಿಷ್ಟು ಎಂದು ಮೇಷ್ಟ್ರಿಗೆ ಹಣ ಕೊಡುತ್ತಾರೆ. ಫಲಿತಾಂಶ ನೋಡಿ ಕೊಡುವ ಈ ಅನುದಾನದಿಂದ ಸಾವಿರಾರು ಜಗಲಿ ಶಾಲೆಗಳು ಸರ್ಕಾರದ ಲೆಕ್ಕಕ್ಕೆ ಬಂದವು, ಅದು ಒಳ್ಳೆಯದೇ. ಆದರೆ ಪಾಠವೆಲ್ಲ ಇನ್ಸ್‌ಪೆಕ್ಟರ್ ಬರುವ ದಿನದ ಸುತ್ತ ತಿರುಗತೊಡಗಿತು. ಉರು ಹೊಡೆಯುವುದು ಹೆಚ್ಚಾಯಿತು. ಸುಗ್ಗಿಯಲ್ಲಿ ಹೊಲಕ್ಕೆ ಹೋಗುವ, ಆಗಾಗ ತಪ್ಪಿಸಿಕೊಳ್ಳುವ ಬಡವರ ಮಗುವಿನಿಂದ ಮೇಷ್ಟ್ರಿಗೆ ಒಂದು ಕಾಸೂ ಹುಟ್ಟುತ್ತಿರಲಿಲ್ಲ. ಅಂಥ ಮಗುವಿನ ಮೇಲೆ ಶ್ರಮ ಹಾಕುವುದು ಮೇಷ್ಟ್ರಿಗೇ ನಷ್ಟ. 20ನೇ ಶತಮಾನದ ಮೊದಲ ದಶಕದಲ್ಲಿ ಮದ್ರಾಸ್ ಸರ್ಕಾರ ಈ ಪದ್ಧತಿ ಕೈಬಿಟ್ಟಿತು. ಅಂಕ ಒಂದನ್ನೇ ನೋಡಿ ಶಾಲೆಗೆ ಹಣ ಕೊಡಲು ಹೊರಟವರು ನೆನಪಿಡಬೇಕಾದ ಚರಿತ್ರೆ ಇದು.

ಆಮೇಲೆ ಬಂದದ್ದು ಶಿಕ್ಷಕರ ಸಂಬಳಕ್ಕೆ ಕೊಡುವ ಅನುದಾನ. ಆ ಕಾಲದ ಮದ್ರಾಸ್ ಪ್ರಾಂತದಲ್ಲಿ ಮೇಷ್ಟ್ರೇ ಮ್ಯಾನೇಜರ್ ಆಗಿದ್ದ ಪ್ರಾಥಮಿಕ ಶಾಲೆಗಳು ಬಹಳ. ಶಾಲೆ ತೆರೆದವರೂ ಅವರೇ, ಪಾಠ ಹೇಳುವವರೂ ಅವರೇ, ಅನುದಾನದ ಬಿಲ್ಲಿಗೆ ಸಹಿ ಹಾಕುವವರೂ ಅವರೇ. 1956ರ ನವೆಂಬರ್ 1ರವರೆಗೆ ಮದ್ರಾಸ್ ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು, ಆಮೇಲೆ ಕೇರಳದ ಪಾಲಾದ ಕಾಸರಗೋಡಿನಲ್ಲಿ ಮ್ಯಾನೇಜರ್ ಶಾಲೆಗಳ ಪರಂಪರೆ ಇಂದಿಗೂ ಇದೆ. ಅಲ್ಲಿ ಕನ್ನಡ ಉಳಿದಿರುವುದಕ್ಕೆ ಅನುದಾನಿತ ಕನ್ನಡ ಶಾಲೆಗಳೂ ದೊಡ್ಡ ಕಾರಣ. ಕವಿ ಕಯ್ಯಾರ ಕಿಞ್ಞಣ್ಣ ರೈ ಮೇಷ್ಟ್ರಾಗಿ ದುಡಿದ ಪೆರಡಾಲದ ನವಜೀವನ ಶಾಲೆಯೂ ಅಂಥದ್ದೇ. ಸಚಿವ ಜೋಸೆಫ್ ಮುಂಡಶ್ಶೇರಿ ತಂದ ಕೇರಳದ ಶಿಕ್ಷಣ ಕಾಯ್ದೆ ಮ್ಯಾನೇಜರ್ ನೇಮಿಸಿದ ಶಿಕ್ಷಕರಿಗೆ ಸರ್ಕಾರವೇ ನೇರವಾಗಿ ಸಂಬಳ ಕೊಡುವಂತೆ ಮಾಡಿತು. ಇದರಿಂದ ಶಿಕ್ಷಕರ ಬದುಕಿಗೆ ಭದ್ರತೆ ಬಂತು. ನೇಮಕದ ಅಧಿಕಾರ ಮ್ಯಾನೇಜರ್ ಕೈಯಲ್ಲೇ ಉಳಿದದ್ದರಿಂದ ಹುದ್ದೆಗೆ ಹಣ ಕೇಳುವ ಪಿಡುಗೂ ಬೆಳೆಯಿತು. ನೆರವು ಕೊಡುವ ಸರ್ಕಾರ ಯಾವ ಕದ ಮುಚ್ಚಬೇಕು ಎಂಬುದಕ್ಕೆ ಇದು ಪಾಠ.

ಏಳು ಮಂದಿ ಬೆಳಗಾವಿಯಲ್ಲಿ

ಶಿಕ್ಷಕರೇ ಸೇರಿ ಶಾಲೆ ಕಟ್ಟಿದರೆ ಏನಾಗಬಲ್ಲದು ಎಂಬುದಕ್ಕೆ ಕನ್ನಡ ನಾಡಿನಲ್ಲೇ ದೊಡ್ಡ ಉದಾಹರಣೆಯಿದೆ. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಒಂದು ಆಂಗ್ಲೋ-ವರ್ನಾಕ್ಯುಲರ್ ಶಾಲೆ ತೆರೆಯಿತು. ಹಿಂದೆ ನಿಂತವರು ಏಳು ಮಂದಿ. ಶಿ.ಶಿ. ಬಸವನಾಳ, ಎಂ.ಆರ್. ಸಾಖರೆ, ಬಿ.ಎಸ್. ಹಂಚಿನಾಳ ಮೊದಲಾದ ಅವರನ್ನು ನಾಡು ಇಂದು ‘ಸಪ್ತರ್ಷಿಗಳು’ ಎಂದು ನೆನೆಯುತ್ತದೆ. ಪುಣೆಯ ಡೆಕ್ಕನ್ ಎಜುಕೇಶನ್ ಸೊಸೈಟಿಯಲ್ಲಿ ಶಿಕ್ಷಕರು ಆಜೀವ ಸದಸ್ಯರಾಗಿ, ಸಣ್ಣ ಸಂಬಳಕ್ಕೆ ಒಪ್ಪಿ, ಸಂಸ್ಥೆಯನ್ನು ತಾವೇ ನಡೆಸುತ್ತಿದ್ದ ಮಾದರಿ ಅವರ ಕಣ್ಣಮುಂದಿತ್ತು. ಆ ಶಾಲೆಯೇ ಮುಂದೆ ಗಿಲಗಂಚಿ ಅರಟಾಳ ಹೈಸ್ಕೂಲ್ ಆಯಿತು, ಸಂಸ್ಥೆ ಕೆ.ಎಲ್.ಇ. ಆಗಿ ಬೆಳೆಯಿತು. 1933ರಲ್ಲಿ ಲಿಂಗರಾಜ ಕಾಲೇಜು ಬಂತು. ಬಸವನಾಳರು ಶಾಲೆಯ ದುಡಿಮೆಯ ನಡುವೆಯೇ ವಚನಗಳ ಸಂಪಾದನೆಯಲ್ಲಿ ದೊಡ್ಡ ಕೆಲಸ ಮಾಡಿದರು.

ಆ ಏಳು ಮಂದಿಯನ್ನು ಉಳಿಸಿದ್ದು ಅವರ ತ್ಯಾಗ ಮತ್ತು ನಾಡಿನ ದಾನ. ಊರೂರು ಅಲೆದು ಹಣ ಎತ್ತಿದರು, ದೇಸಾಯಿಗಳು, ವರ್ತಕರು, ರೈತರು ಕೊಟ್ಟರು. ಅದೇ 1916ರಲ್ಲಿ ನಮ್ಮ ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘವೂ ಹುಟ್ಟಿತು. ದಾನಿಗಳ ಬಲದಿಂದ ಬೆಳೆದ ಈ ಸಂಘ 1945ರಲ್ಲಿ ಬಳ್ಳಾರಿಗೆ ವೀರಶೈವ ಕಾಲೇಜು ಕೊಟ್ಟಿತು. ಹಡಗಲಿಯ ಜಿ.ಬಿ.ಆರ್. ಕಾಲೇಜು, ಕೊಟ್ಟೂರಿನ ಕೊಟ್ಟೂರೇಶ್ವರ ಕಾಲೇಜು ಇದೇ ಸಂಘದವು. ಪದವಿ ಓದಲು ಬಳ್ಳಾರಿಗೋ ಧಾರವಾಡಕ್ಕೋ ಹೋಗಲಾಗದ ಹಳ್ಳಿಯ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಇವು ತೆರೆದ ಬಾಗಿಲು ಸಣ್ಣದಲ್ಲ.

ಈ ಎರಡು ಸಂಸ್ಥೆಗಳಿಗೂ ದಾನಿಗಳ ಸಮಾಜವೊಂದು ಬೆನ್ನಿಗಿತ್ತು. ದಾನ ಕೊಡಬಲ್ಲ ಬಳಗ ಇಲ್ಲದ ಸಮುದಾಯದಲ್ಲೂ ಒಳ್ಳೆಯ ಮೇಷ್ಟ್ರು ಹುಟ್ಟುತ್ತಾರೆ. ತಾಂಡಾದಿಂದ, ಕೇರಿಯಿಂದ, ನದಿದಂಡೆಯ ಸಣ್ಣ ಹಳ್ಳಿಯಿಂದ ಬಂದು ಮೂವತ್ತು ವರ್ಷ ಪಾಠ ಹೇಳಿದವರು ಶಾಲೆ ಕಟ್ಟಬೇಕೆಂದರೆ ಯಾರ ಮನೆಯ ಬಾಗಿಲು ತಟ್ಟಬೇಕು? ಅವರ ಪಾಲಿಗೆ ಸರ್ಕಾರವೇ ದಾನಿಯ ಜಾಗದಲ್ಲಿ ನಿಲ್ಲಬೇಕು.

ಮೊದಲು ಬದುಕಿ ತೋರಿಸಿ, ಆಮೇಲೆ ಅನುದಾನ

ಇಂದಿನ ಕರ್ನಾಟಕದಲ್ಲಿ ಶಾಲೆ ತೆರೆಯುವ ದಾರಿ ಹೀಗಿದೆ. ಮೊದಲು ಸಂಘವನ್ನೋ ಟ್ರಸ್ಟನ್ನೋ ನೋಂದಾಯಿಸಬೇಕು. ಜಾಗ ಬೇಕು, ಕಟ್ಟಡ ಬೇಕು, ಕಟ್ಟಡದ ಸುರಕ್ಷತೆಗೆ ಮತ್ತು ಅಗ್ನಿ ಸುರಕ್ಷತೆಗೆ ಪ್ರಮಾಣಪತ್ರ ಬೇಕು, ಠೇವಣಿ ಇಡಬೇಕು. ಬಿಇಒ ಕಚೇರಿಯಿಂದ ಡಿಡಿಪಿಐ ಕಚೇರಿಗೆ ಕಡತ ಹೋಗಿ ಬರಬೇಕು. ಮಾನ್ಯತೆ ಸಿಕ್ಕ ಮೇಲೂ ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು. ಮಕ್ಕಳ ಸುರಕ್ಷತೆಗೆ ಇವುಗಳಲ್ಲಿ ಹಲವು ಅಗತ್ಯವೇ. ಆದರೆ ಇವಕ್ಕೆಲ್ಲ ಹಣ ಬೇಕು, ಮತ್ತು ಆ ಹಣವನ್ನು ಶಾಲೆ ಶುರುವಾಗುವ ಮೊದಲೇ ಸುರಿಯಬೇಕು. ಆಮೇಲೆ ಹಲವು ವರ್ಷ ಶಾಲೆಯನ್ನು ಸ್ವಂತ ಬಲದಿಂದ ನಡೆಸಿ ತೋರಿಸಿದವರು ಮಾತ್ರ ಅನುದಾನ ಕೇಳಬಹುದು.

ಕೇಳಿದರೂ ಸಿಗುತ್ತದೆಯೇ? 1986-87ರವರೆಗೆ ಆರಂಭವಾದ ಶಾಲೆಗಳಿಗೆ ಅನುದಾನ ಎಂದು ಸರ್ಕಾರ ಮೊದಲು ಗೆರೆ ಎಳೆಯಿತು. ದೀರ್ಘ ಹೋರಾಟದ ನಂತರ 1994-95ರವರೆಗಿನ ಕನ್ನಡ ಮಾಧ್ಯಮ ಶಾಲೆಗಳು ಹಂತ ಹಂತವಾಗಿ ಒಳಗೆ ಬಂದವು. 1995ರ ಆಚೆಗಿನ ಕನ್ನಡ ಶಾಲೆಗಳನ್ನೂ ಅನುದಾನಕ್ಕೆ ಸೇರಿಸಿ ಎಂಬ ಬೇಡಿಕೆಗೆ ಎಷ್ಟೋ ಅಧಿವೇಶನಗಳು, ಧರಣಿಗಳು, ಭರವಸೆಗಳು ಸಾಕ್ಷಿಯಾಗಿವೆ. 1996ರಲ್ಲಿ 25ನೇ ವಯಸ್ಸಿಗೆ ಅಂಥ ಶಾಲೆ ಸೇರಿದ ಶಿಕ್ಷಕಿಯೊಬ್ಬರನ್ನು ಊಹಿಸಿಕೊಳ್ಳಿ. 2031ಕ್ಕೆ ಅವರಿಗೆ 60 ತುಂಬುತ್ತದೆ. ಆ ಹೊತ್ತಿಗೂ ಅನುದಾನ ಬರದಿದ್ದರೆ ಅವರ ಇಡೀ ವೃತ್ತಿ ಜೀವನ ಕಾಯುವುದರಲ್ಲೇ ಮುಗಿದಿರುತ್ತದೆ.

ಅನುದಾನ ಬಂದವರ ಕಷ್ಟವೂ ತಡದಿಂದಲೇ ಹುಟ್ಟಿದ್ದು. ಶಾಲೆಗೆ ಅನುದಾನ ಸಿಗುವ ಮುಂಚೆ ದುಡಿದ ವರ್ಷಗಳನ್ನು ಸೇವೆಗೆ ಸೇರಿಸಿ ಸಂಬಳ ನಿಗದಿ ಮಾಡಿ ಎಂಬುದೇ ‘ಕಾಲ್ಪನಿಕ ವೇತನ’ದ ಬೇಡಿಕೆ. 2006ರ ಏಪ್ರಿಲ್ 1ರ ಮೊದಲೇ ಕೆಲಸಕ್ಕೆ ಸೇರಿದ್ದರೂ ಅನುದಾನ ಆಮೇಲೆ ಬಂತು ಎಂಬ ಕಾರಣಕ್ಕೆ ಹಳೆಯ ಪಿಂಚಣಿ ಕೈತಪ್ಪಿದವರೂ ಇದ್ದಾರೆ. ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಯಲ್ಲಿ ದೈಹಿಕ ಶಿಕ್ಷಕರಾಗಿದ್ದು, 1980ರಿಂದ ಶಿಕ್ಷಕರ ಕ್ಷೇತ್ರವನ್ನು ಪ್ರತಿನಿಧಿಸುತ್ತ ಬಂದ ಬಸವರಾಜ ಹೊರಟ್ಟಿ ಈ ಪ್ರಶ್ನೆಗಳನ್ನು ವಿಧಾನ ಪರಿಷತ್ತಿನಲ್ಲಿ ಮತ್ತೆ ಮತ್ತೆ ಎತ್ತಿದವರು.

ಇದರ ಪರಿಣಾಮ ನಮ್ಮ ಕಣ್ಣಮುಂದಿದೆ. ಕಾಯುವ ಶಕ್ತಿ ಇರುವವರು ಮಾತ್ರ ಶಾಲೆ ತೆರೆಯುತ್ತಾರೆ. ಮಠಗಳಿಗೆ, ರಾಜಕಾರಣಿಗಳಿಗೆ, ಹಣವಂತರಿಗೆ ಆ ಶಕ್ತಿಯಿದೆ. ಅವರಲ್ಲಿ ಎಷ್ಟೋ ಮಂದಿ ಒಳ್ಳೆಯ ಶಾಲೆ ಕಟ್ಟಿದ್ದಾರೆ, ಅದಕ್ಕೆ ನಾಡು ಋಣಿ. ಇನ್ನು ಉಳಿದ ದಾರಿ ಪಾಲಕರಿಂದ ಫೀ ಎತ್ತಿ ನಡೆಸುವ ಇಂಗ್ಲಿಷ್ ಮಾಧ್ಯಮದ ಶಾಲೆ. ಪಾಠ ಹೇಳುವುದರಲ್ಲೇ ಆಯುಷ್ಯ ಕಳೆದ, ಕನ್ನಡದಲ್ಲಿ ಕಲಿಸಬಯಸುವ, ಬಡ ಮಕ್ಕಳಿಂದ ಫೀ ಕೇಳಲೊಲ್ಲದ ಶಿಕ್ಷಕರಿಗೆ ಎರಡೂ ದಾರಿ ಮುಚ್ಚಿವೆ.

ಅಮೆರಿಕದಲ್ಲಿ ನಡೆದದ್ದು

ಶಿಕ್ಷಕರ ಕೈಗೆ ಸರ್ಕಾರದ ಹಣ ಕೊಟ್ಟು ಹೊಸ ಶಾಲೆ ತೆರೆಯುವ ಪ್ರಯೋಗ ಅಮೆರಿಕದಲ್ಲಿ ದೊಡ್ಡದಾಗಿ ನಡೆದಿದೆ. ಅಲ್ಲಿ ಅವುಗಳಿಗೆ ಚಾರ್ಟರ್ ಶಾಲೆಗಳೆಂದು ಹೆಸರು. ಸರ್ಕಾರದ ಜೊತೆ ಕರಾರು, ಸರ್ಕಾರದ್ದೇ ಹಣ, ಮಕ್ಕಳಿಗೆ ಫೀ ಇಲ್ಲ, ಕಲಿಸುವ ಬಗೆಯಲ್ಲಿ ಸ್ವಾತಂತ್ರ್ಯ. ಕರಾರಿನಂತೆ ನಡೆಯದಿದ್ದರೆ ಶಾಲೆ ಮುಚ್ಚಬೇಕು. ಈ ವಿಚಾರವನ್ನು ದೇಶದ ಮುಂದಿಟ್ಟವರಲ್ಲಿ ಪ್ರಮುಖರು ಶಿಕ್ಷಕರ ಸಂಘಟನೆಯ ನಾಯಕ ಆಲ್ಬರ್ಟ್ ಶಾಂಕರ್. ಅನುಭವಿ ಶಿಕ್ಷಕರ ಗುಂಪಿಗೆ ಹೊಸ ಬಗೆಯ ಶಾಲೆ ರೂಪಿಸುವ ಅವಕಾಶ ಕೊಡಿ ಎಂದು ಅವರು 1988ರಲ್ಲಿ ಕೇಳಿದರು.

1991ರಲ್ಲಿ ಮಿನ್ನೆಸೋಟ ರಾಜ್ಯ ಇದಕ್ಕೆ ಮೊದಲ ಕಾಯ್ದೆ ಮಾಡಿತು. ಮರುವರ್ಷ ಸೇಂಟ್ ಪಾಲ್ ನಗರದಲ್ಲಿ ಸಿಟಿ ಅಕಾಡೆಮಿ ಎಂಬ ಪುಟ್ಟ ಶಾಲೆ ತೆರೆಯಿತು. ತೆರೆದವರು ಶಿಕ್ಷಕರು, ಸೇರಿಸಿಕೊಂಡದ್ದು ಶಾಲೆ ಬಿಟ್ಟ ಹುಡುಗ ಹುಡುಗಿಯರನ್ನು. 1994ರಲ್ಲಿ ಕೇಂದ್ರ ಸರ್ಕಾರ ಇಂಥ ಶಾಲೆಗಳ ತಯಾರಿಗೆ ಮತ್ತು ಆರಂಭದ ವರ್ಷಗಳಿಗೆಂದೇ ಪ್ರತ್ಯೇಕ ಅನುದಾನ ಶುರುಮಾಡಿತು. ಪಠ್ಯ ರೂಪಿಸಲು, ಸಾಮಾನು ಕೊಳ್ಳಲು, ಶಿಕ್ಷಕರನ್ನು ತಯಾರುಮಾಡಲು ಈ ಹಣ. ನಮ್ಮ ಪದ್ಧತಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ನೆರವು ಶಾಲೆ ಹುಟ್ಟುವ ಹೊತ್ತಿಗೇ ಸಿಗುತ್ತದೆ.

ಅಲ್ಲಿ ಎಲ್ಲವೂ ನೆಟ್ಟಗೆ ನಡೆಯಿತೆಂದಲ್ಲ. ಲಾಭದ ಕಂಪನಿಗಳು ನುಗ್ಗಿದವು. ಹಣ ಪಡೆದು ಬಾಗಿಲೇ ತೆರೆಯದ ಶಾಲೆಗಳ ಬಗ್ಗೆ, ನಡುವರ್ಷದಲ್ಲಿ ಮುಚ್ಚಿ ಮಕ್ಕಳನ್ನು ಬೀದಿಗೆ ಬಿಟ್ಟ ಶಾಲೆಗಳ ಬಗ್ಗೆ ದೂರುಗಳು ಬಂದವು. ಶಾಂಕರ್ ಅವರೇ ಮುಂದೆ ಕಟು ಟೀಕಾಕಾರರಾದರು. ಶಿಕ್ಷಕರ ಕೈಯಲ್ಲಿರಬೇಕಾದ ಶಾಲೆ ವ್ಯಾಪಾರಿಗಳ ಕೈಗೆ ಹೋದಾಗ ಮೂಲ ಉದ್ದೇಶವೇ ಕೆಟ್ಟಿತು. ನಾವು ಆರಂಭದ ನೆರವಿನ ವಿಚಾರವನ್ನು ಅಲ್ಲಿಂದ ಪಡೆಯಬಹುದು, ವ್ಯಾಪಾರಕ್ಕೆ ಬಾಗಿಲು ತೆರೆಯುವುದನ್ನು ಬಿಡಬಹುದು.

ಹಡಗಲಿಯಲ್ಲಿ ಯಾರಿಗಾಗಿ?

ಸರ್ಕಾರಿ ಶಾಲೆಗಳಿರುವಾಗ ಮತ್ತೊಂದು ಬಗೆಯ ಶಾಲೆ ಯಾಕೆ ಎಂದು ಯಾರಾದರೂ ಕೇಳಿದರೆ ಅದು ಸರಿಯಾದ ಪ್ರಶ್ನೆ. ಸರ್ಕಾರಿ ಶಾಲೆಯ ಮಕ್ಕಳನ್ನು ಕಸಿಯುವ, ಅದರ ಹಣಕ್ಕೆ ಕೈ ಹಾಕುವ ಯಾವ ಯೋಜನೆಯನ್ನೂ ನಾನು ಒಪ್ಪುವುದಿಲ್ಲ. ನನ್ನ ಮನಸ್ಸಿನಲ್ಲಿರುವುದು ಸರ್ಕಾರಿ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದೂ ತರಗತಿಯಲ್ಲಿ ಕಾಣದ ಮಕ್ಕಳು.

ಹಡಗಲಿ ತಾಲ್ಲೂಕಿನ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ, ಆದರೆ ತಾಲ್ಲೂಕಿನ ಹೆಚ್ಚಿನ ಹೊಲಗಳು ಮಳೆಯನ್ನೇ ನಂಬಿವೆ. ಮೆಕ್ಕೆಜೋಳ, ಜೋಳ, ಶೇಂಗಾ, ಈರುಳ್ಳಿ ಬೆಳೆಯುವ ನೆಲ. ಭೌಗೋಳಿಕ ಸೂಚಿಕೆ ಪಡೆದ ಹಡಗಲಿ ಮಲ್ಲಿಗೆಯ ನೆಲ. ಮಳೆ ಕೈಕೊಟ್ಟ ವರ್ಷ ತಾಂಡಾಗಳಿಂದ, ಹಳ್ಳಿಗಳಿಂದ ಕುಟುಂಬಗಳು ಗುಳೆ ಹೊರಡುತ್ತವೆ. ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ತಂದೆತಾಯಿಯ ಜೊತೆ ಮಗುವೂ ಹೋಗುತ್ತದೆ, ಇಲ್ಲವೇ ಅಜ್ಜಿಯ ಬಳಿ ಉಳಿದು ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತದೆ. ಮತ್ತೆ ಶಾಲೆಗೆ ಬರುವ ಹೊತ್ತಿಗೆ ಪಾಠ ಬಹಳ ಮುಂದೆ ಹೋಗಿರುತ್ತದೆ. ಏಳನೆಯದೋ ಎಂಟನೆಯದೋ ಮುಗಿಸಿದ ಹುಡುಗಿಯ ಮುಂದಿನ ಓದು ಪಕ್ಕದ ಊರಿನ ಹೈಸ್ಕೂಲಿಗೆ ಬಸ್ಸು ಇದೆಯೇ ಎಂಬುದರ ಮೇಲೆ ನಿಂತಿರುತ್ತದೆ. ಬೇರೆ ಊರಲ್ಲಿ ದುಡಿದು ಹದಿನೈದನೇ ವಯಸ್ಸಿಗೆ ಮರಳಿದ ಹುಡುಗನಿಗೆ ಆರನೇ ತರಗತಿಯ ಬೆಂಚಿನ ಮೇಲೆ ಕೂರಲು ಮುಖವಿಲ್ಲ.

ಇಂಥ ಮಕ್ಕಳಿಗೆ ಬೇರೆ ವೇಳಾಪಟ್ಟಿಯ ಶಾಲೆ ಬೇಕು. ಗುಳೆಯ ಕಾಲಕ್ಕೆ ಮಕ್ಕಳು ಇಲ್ಲೇ ಉಳಿಯಲು ವಸತಿ ಬೇಕು. ಮರಳಿ ಬಂದವರನ್ನು ಅವರ ಮಟ್ಟದಿಂದ ಕೈಹಿಡಿದು ನಡೆಸುವ ಪಾಠ ಬೇಕು. ಲಂಬಾಣಿ ಮಾತಾಡುವ ಮಗುವನ್ನು ಅದರ ಮಾತಿನಲ್ಲೇ ಬರಮಾಡಿಕೊಂಡು ಕನ್ನಡಕ್ಕೆ ಕರೆತರುವ ಶಿಕ್ಷಕರು ಬೇಕು. ಒಂದು ತಾಲ್ಲೂಕಿನಲ್ಲಿ ಇದನ್ನು ಚೆನ್ನಾಗಿ ಬಲ್ಲವರು ಅಲ್ಲೇ ಮೂರು ದಶಕ ದುಡಿದ ಶಿಕ್ಷಕರೇ. ಯಾವ ತಾಂಡಾ ಯಾವ ತಿಂಗಳು ಖಾಲಿಯಾಗುತ್ತದೆ, ಯಾವ ತಾಯಿಗೆ ಯಾವ ಮಾತು ಹೇಳಿದರೆ ಮಗಳನ್ನು ಕಳಿಸುತ್ತಾಳೆ ಎಂಬುದು ಅವರಿಗೆ ಗೊತ್ತು. 60 ತುಂಬಿದ ದಿನ ಶಾಲು ಹೊದಿಸಿ, ಫಲ ಕೊಟ್ಟು ಅವರನ್ನು ಮನೆಗೆ ಕಳಿಸುತ್ತೇವೆ. ಆ ತಿಳಿವಳಿಕೆಯೂ ಅವರ ಜೊತೆ ಮನೆ ಸೇರುತ್ತದೆ. ಆ ಇಡೀ ಗಳಿಕೆಯನ್ನು ಇನ್ನೂ ಹತ್ತು ವರ್ಷ ಮಕ್ಕಳಿಗೆ ದಕ್ಕುವಂತೆ ಮಾಡಬಹುದು.

ಹೇಗಿರಬೇಕು ಈ ನೆರವು

ಹಿಂದಿನ ಪ್ರಯೋಗಗಳೆಲ್ಲ ಒಂದೊಂದು ಎಚ್ಚರಿಕೆ ಕೊಟ್ಟಿವೆ. ಅವುಗಳನ್ನು ಜೋಡಿಸಿದರೆ ಯೋಜನೆಯ ರೂಪ ತಾನೇ ಕಾಣುತ್ತದೆ.

ಮೊದಲನೆಯದು, ಯಾರಿಗೆ ಎಂಬುದು. ಕನಿಷ್ಠ ಹತ್ತು ವರ್ಷ ತರಗತಿಯಲ್ಲಿ ಪಾಠ ಹೇಳಿದ ಮೂರರಿಂದ ಐದು ಮಂದಿ ಶಿಕ್ಷಕರ ಗುಂಪು ಇರಲಿ. ಒಬ್ಬರೇ ಆದರೆ ಅವರ ಆರೋಗ್ಯ ಕೆಟ್ಟ ದಿನ ಶಾಲೆಯೂ ಮಲಗುತ್ತದೆ. ಆಡಳಿತ ಮಂಡಳಿಯಲ್ಲಿ ಶಿಕ್ಷಕರದೇ ಬಹುಮತ ಇರಬೇಕು, ಪಾಲಕರಿಗೂ ಜಾಗವಿರಬೇಕು. ನಿವೃತ್ತರು ಅನುಭವ ತಂದರೆ, ಅವರ ಜೊತೆ ಸೇರುವ ಕಿರಿಯರು ಶಾಲೆಯನ್ನು ಮುಂದಕ್ಕೆ ಒಯ್ಯುತ್ತಾರೆ.

ಎರಡನೆಯದು, ಯಾವಾಗ ಎಂಬುದು. ಹಣ ಮೂರು ಕಂತಿನಲ್ಲಿ ಬರಲಿ. ತಯಾರಿಯ ವರ್ಷಕ್ಕೆ ಒಂದು ಪಾಲು. ಮನೆಮನೆ ಸುತ್ತಿ ಮಕ್ಕಳನ್ನು ಗುರುತಿಸಲು, ಪಾಠ ಸಿದ್ಧಪಡಿಸಲು. ಶಾಲೆ ತೆರೆದಾಗ ಎರಡನೇ ಪಾಲು. ಬೆಂಚು, ಪುಸ್ತಕ, ಅಡುಗೆಮನೆ, ಶೌಚಾಲಯಕ್ಕೆ. ಮೊದಲ ಐದು ವರ್ಷಗಳ ಸಂಬಳಕ್ಕೆ ಮೂರನೆಯದು. ಕಟ್ಟಡಕ್ಕಾಗಿ ಸಾಲ ಮಾಡುವ ಪ್ರಮೇಯ ಬರಬಾರದು. ಮಕ್ಕಳಿಲ್ಲದೆ ಬೀಗ ಬಿದ್ದ ಸರ್ಕಾರಿ ಕಟ್ಟಡಗಳಿದ್ದರೆ ಅವನ್ನು ದುರಸ್ತಿ ಮಾಡಿ ಬಳಕೆಗೆ ಕೊಡಲಿ, ಒಡೆತನ ಸರ್ಕಾರದಲ್ಲೇ ಉಳಿಯಲಿ.

ಮೂರನೆಯದು, ಷರತ್ತು. ಮಕ್ಕಳಿಂದ ಫೀ ಇಲ್ಲ, ದೇಣಿಗೆ ಇಲ್ಲ. ಅರ್ಜಿ ಹೆಚ್ಚಾದರೆ ಚೀಟಿ ಎತ್ತಿ ಸೇರಿಸಿಕೊಳ್ಳಬೇಕು, ಜಾತಿ ನೋಡುವಂತಿಲ್ಲ. ಶಿಕ್ಷಕರ ನೇಮಕ ಅರ್ಹತೆ ಮತ್ತು ಮೀಸಲಾತಿಯಂತೆ ಬಹಿರಂಗವಾಗಿ ನಡೆಯಬೇಕು. ಹುದ್ದೆಗೆ ಹಣ ಪಡೆದದ್ದು ಸಾಬೀತಾದರೆ ಅನುದಾನ ಅಂದೇ ನಿಲ್ಲಬೇಕು. ವರ್ಷದ ಲೆಕ್ಕವನ್ನು ಗ್ರಾಮಸಭೆಯಲ್ಲಿ ಎಲ್ಲರೆದುರು ಓದಬೇಕು. ಲಾಭದ ಕಂಪನಿಗೆ ಶಾಲೆ ಒಪ್ಪಿಸುವಂತಿಲ್ಲ.

ನಾಲ್ಕನೆಯದು, ತೂಗುವ ಬಗೆ. ಮದ್ರಾಸಿನ ಫಲಿತಾಂಶದ ಅನುದಾನ ಬಡ ಮಗುವನ್ನೇ ಹೊರಗಿಟ್ಟಿತ್ತು. ಆದ್ದರಿಂದ ಐದು ವರ್ಷದ ಪರಿಶೀಲನೆಯಲ್ಲಿ ಎಸ್ಸೆಸ್ಸೆಲ್ಸಿ ಅಂಕದ ಜೊತೆಗೆ ಬೇರೆ ಪ್ರಶ್ನೆಗಳೂ ಇರಲಿ. ಗುಳೆ ಹೋಗುವ ಕುಟುಂಬದ ಎಷ್ಟು ಮಕ್ಕಳು ಶಾಲೆಯಲ್ಲಿ ಉಳಿದರು? ಸೇರಿದಾಗ ಇದ್ದ ಮಟ್ಟದಿಂದ ಪ್ರತಿ ಮಗು ಎಷ್ಟು ಮುಂದೆ ಬಂತು? ಹತ್ತನೆಯದು ಮುಗಿಸಿದ ಹುಡುಗಿಯರು ಎಷ್ಟು? ಈ ಪರಿಶೀಲನೆಯಲ್ಲಿ ಗೆದ್ದ ಶಾಲೆಗೆ ಸಂಬಳದ ಅನುದಾನ ಕಾಯಂ ಆಗಲಿ. ಗೆಲ್ಲದ ಶಾಲೆಯ ಮಕ್ಕಳನ್ನು, ಸಾಮಾನನ್ನು ಸರ್ಕಾರ ತನ್ನ ಶಾಲೆಗೆ ಸೇರಿಸಿಕೊಳ್ಳಲಿ. ಒಂದು ಮಗುವಿನ ವರ್ಷವೂ ಹಾಳಾಗಬಾರದು.

ಹಣ ಎಲ್ಲಿಂದ?

ಹಡಗಲಿ ಇಂದು ವಿಜಯನಗರ ಜಿಲ್ಲೆಯಲ್ಲಿದೆ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯ ವ್ಯಾಪ್ತಿಯಲ್ಲಿದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಪ್ರತಿ ವರ್ಷ ಬರುವ ಹಣದಲ್ಲಿ ಶಿಕ್ಷಣಕ್ಕೂ ಪಾಲಿದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 114 ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ನಮ್ಮ ಸೀಮೆಯ ತಾಲ್ಲೂಕುಗಳೂ ಇದ್ದವು. ಹಿಂದುಳಿದಿರುವಿಕೆಯನ್ನು ಅಳೆದಾಗಿದೆ, ಅದಕ್ಕೆಂದು ವಿಶೇಷ ಅನುದಾನವೂ ಬಂದಿದೆ. ಆ ಹಣದ ದೊಡ್ಡ ಭಾಗ ಕಟ್ಟಡ, ಕಾಂಪೌಂಡು, ಕೊಠಡಿಗಳಿಗೆ ಹೋಗುತ್ತದೆ. ಕೊಠಡಿ ಬೇಕೇ ಬೇಕು. ಅದರ ಜೊತೆಗೆ ಶಿಕ್ಷಕರ ಕೈಗೂ ಒಂದು ಪಾಲು ಹೋಗಲಿ.

ಇದನ್ನು ಒಮ್ಮೆಲೇ ರಾಜ್ಯವೆಲ್ಲ ಹರಡುವ ಅಗತ್ಯವಿಲ್ಲ. ಹೂವಿನಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಈ ಐದು ತಾಲ್ಲೂಕುಗಳಲ್ಲಿ ಒಂದೊಂದು ಶಾಲೆಯಿಂದ ಶುರುಮಾಡಬಹುದು. ಮಂಡಳಿ ಅರ್ಜಿ ಕರೆಯಲಿ. ಬಿಇಒ ಕಚೇರಿಗಳು ಆಯಾ ತಾಲ್ಲೂಕಿನ ನಿವೃತ್ತ ಮುಖ್ಯಶಿಕ್ಷಕರನ್ನು ಕೂರಿಸಿ ಮಾತಾಡಲಿ. ಶಿಕ್ಷಕರ ಸಂಘಗಳು ವರ್ಗಾವಣೆ, ವೇತನ ಪರಿಷ್ಕರಣೆಗಾಗಿ ಹೋರಾಡುವಷ್ಟೇ ಒತ್ತಾಯದಿಂದ ಇದನ್ನೂ ಕೇಳಲಿ. ಕಾಯುತ್ತಿರುವ 1995ರ ನಂತರದ ಕನ್ನಡ ಶಾಲೆಗಳಲ್ಲಿ ಇದೇ ಷರತ್ತಿಗೆ ಒಪ್ಪುವವುಗಳಿಗೂ ಈ ದಾರಿ ತೆರೆಯಲಿ. ಅವರ ಇಷ್ಟು ವರ್ಷಗಳ ದುಡಿಮೆಗೆ ಅದು ನ್ಯಾಯ.

ಹೊಸ ಶಾಲೆಗೆ ಮೊದಲ ಐದು ವರ್ಷ ಅತ್ಯಂತ ಕಷ್ಟದವು. ಆ ವರ್ಷಗಳಲ್ಲಿ ಕೈಹಿಡಿಯದ ಸರ್ಕಾರ ಶಾಲೆ ಗಟ್ಟಿಯಾದ ಮೇಲೆ ಬಂದರೆ, ಆಗ ಉಳಿದಿರುವುದು ಹಣವಿದ್ದವರ ಶಾಲೆಗಳು ಮಾತ್ರ. ಬರುವ ಬಜೆಟ್ಟಿನಲ್ಲಿ ಐದು ಶಾಲೆಗಳಿಗೆ ಹಣ ಇಡುವುದು ಕಲ್ಯಾಣ ಕರ್ನಾಟಕದ ಮಂಡಳಿಗೆ ದೊಡ್ಡ ಮೊತ್ತವಲ್ಲ. ಅರ್ಜಿ ಹಾಕಲು ತಯಾರಿರುವ ಶಿಕ್ಷಕರು ನಮ್ಮ ತಾಲ್ಲೂಕುಗಳಲ್ಲಿ ಇದ್ದಾರೆ. ಅವರನ್ನು ಕರೆಯಬೇಕಾದವರು ಕರೆಯಲಿ.